ತಿರುಗುವುದು ಯಾವುದು?

ಭಾನುವಾರ, ಬೆಳಿಗ್ಗೆ ಏಳು ಗಂಟೆ. ಅಡುಗೆಮನೆಯಲ್ಲಿ ಹಾಜರಿದ್ದವರು ನಾನು, ನನ್ನ ಹೆಂಡತಿ, ಮತ್ತು ಮೇಜಿನ ಅಂಚಿಗೆ ತಿರುಪಿನಿಂದ ಬಿಗಿದಿದ್ದ, ಹಿಡಿ ತಿರುಗಿಸಿ ಕಾಯಿ ತುರಿಯುವ ಹೊಸ ಯಂತ್ರ. ಆಯುಷ್ಯವೆಲ್ಲ ಯಂತ್ರಗಳ ನಡುವೆ ಕಳೆದವನೆಂಬ ಗತ್ತಿನಲ್ಲಿ ಒಡೆದ ಕಾಯಿಯ ಕಡಿಯನ್ನು ಅದರ ಹಲ್ಲಿಗೆ ಬಲವಾಗಿ ಒತ್ತಿ, ಹಿಡಿಯನ್ನು ನಿಧಾನವಾಗಿ, ಗಂಭೀರವಾಗಿ ತಿರುಗಿಸಿದೆ. ಬಟ್ಟಲಿಗೆ ಬಿದ್ದದ್ದನ್ನು ನೋಡಿ ಹೆಂಡತಿ, "ತುರಿಯೂಕೆ ಹೇಳಿದ್ರೆ ತುಂಡು ಮಾಡಿದ್ರಲ್ಲ ಮಾರಾಯ್ರೆ! ಇದು ಪಲ್ಯಕ್ಕೋ, ದನಕ್ಕೋ?" ಎಂದಳು.

ಇದೇ ಜಾತಿಯ ತಪ್ಪನ್ನು ನಾನು ಅರವತ್ತರ ದಶಕದಲ್ಲಿ, ಕುಮಟೆಯ ಒಂದು ವರ್ಕ್‌ಶಾಪಿನಲ್ಲಿ ಮಾಡಹೊರಟಿದ್ದೆ. ಗಂಟೆ ಬಾರಿಸಿದರೆ ಏಳುವ, ಗಂಟೆ ಬಾರಿಸಿದರೆ ಉಣ್ಣುವ ತಾಂತ್ರಿಕ ಶಾಲೆಯಿಂದ ಆಗಷ್ಟೇ ಬಂದಿದ್ದ ನನ್ನ ಬಳಿ, ಯಾವ ಲೋಹವನ್ನು ಯಾವ ವೇಗದಲ್ಲಿ ಕೊರೆಯಬೇಕೆಂದು ಕೆಂಪು ಗೆರೆ ಎಳೆದು ಪಟ್ಟಿ ಬರೆದ ಪುಸ್ತಕವಿತ್ತು. ನಮ್ಮ ಸುಬ್ರಾಯ ಮೇಸ್ತ್ರಿಗಳಿಗೆ ಓದು ಬರಹವಿಲ್ಲ. ಯಂತ್ರದ ಸದ್ದು ಕೇಳಿಯೇ ಅವರು ವೇಗ ಹೇಳುತ್ತಿದ್ದರು. ಅವರ ಕಿವಿಗಿಂತ ನನ್ನ ಪಟ್ಟಿಯೇ ಹೆಚ್ಚೆಂದು ನಾನು ಗಾಢವಾಗಿ ನಂಬಿದ್ದೆ.

ಆ ದಿನ ಹೊನ್ನಾವರದ ಲಾಂಚ್ ಚಾಲಕ ಜಟ್ಟಪ್ಪ ದೋಣಿಯ ಪಂಖ ತಿರುಗಿಸುವ ಹೊಸ ಉಕ್ಕಿನ ಶಾಫ್ಟೊಂದನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದಿದ್ದ. ಹೊಳೆಯ ನಡುವಿನ ಮಾವಿನಕುರ್ವೆಯ ಜನರನ್ನು ಪೇಟೆಗೆ ದಾಟಿಸುವ ಅವನ ಲಾಂಚು ಮೂರು ದಿನದಿಂದ ದಡದಲ್ಲಿತ್ತು. ಶಾಫ್ಟಿನ ತುದಿಗೆ ಪಂಖ ಕೂರಿಸಲು ಮಿಲ್ಲಿಂಗ್ ಯಂತ್ರದಲ್ಲಿ ಉದ್ದನೆಯ ಕಚ್ಚು ತೆಗೆಯಬೇಕು. ಅದಕ್ಕೆ ಬೇಕಾದ, ಉಕ್ಕು ಕೊರೆಯುವ ಹಲ್ಲುಗಳ, ಅರ್ಧ ಇಂಚು ವ್ಯಾಸದ ಕಟರ್ ನಮ್ಮಲ್ಲಿದ್ದುದು ಒಂದೇ. ಮುರಿದರೆ ಮುಂಬಯಿಯಿಂದ ಇನ್ನೊಂದು ಬರಲು ಹದಿನೈದು ದಿನ.

ಲೆಕ್ಕ ಸುಲಭದ್ದೇ, ಶಾಲೆಯ ಲೇತ್ ಯಂತ್ರದಲ್ಲಿ ನಿತ್ಯ ಮಾಡಿದ್ದು. ಉಕ್ಕಿಗೆ ನಿಮಿಷಕ್ಕೆ ಅರವತ್ತು ಅಡಿ ವೇಗ. ಅದನ್ನು ನಾಲ್ಕರಿಂದ ಗುಣಿಸಿ, ವ್ಯಾಸದ ಇಂಚಿನಿಂದ ಭಾಗಿಸಿದರೆ ಸುತ್ತುಗಳ ಸಂಖ್ಯೆ. ಶಾಫ್ಟಿನ ವ್ಯಾಸ ಎರಡಿಂಚು, ಸುತ್ತು ನೂರಿಪ್ಪತ್ತು. ಶಾಫ್ಟು ಕಟರಿನತ್ತ ಸರಿಯುವ ವೇಗ, ಅಂದರೆ ಫೀಡು, ನಿಮಿಷಕ್ಕೆ ಎರಡಿಂಚೆಂದು ಬರೆದು, ಉತ್ತರದ ಕೆಳಗೆ ಎರಡು ಗೆರೆ ಎಳೆದೆ.

"ಅಲ್ಲ ಒಡೆಯ, ನಿಮ್ಮ ಬರೆಯೂದು ಮುಗಿಯೂದ್ರೊಳಗೆ ಬಸ್ಸು ಹೋದ್ರೆ ನಾ ಇದನ್ನ ಹೊತ್ಕಂಡು ಹೊನ್ನಾವರಕ್ಕೆ ನಡೀಬೇಕು" ಎಂದ ಜಟ್ಟಪ್ಪ.

ಯಂತ್ರದ ಬೆಲ್ಟನ್ನು ಆ ವೇಗಕ್ಕೆ ಹೊಂದಿಸಿ ನಾನು ಸ್ವಿಚ್ಚಿಗೆ ಕೈಹಾಕುವಷ್ಟರಲ್ಲಿ, ಅದನ್ನು ಕಂಡ ಮೇಸ್ತ್ರಿಗಳು ಅದರ ಮೇಲೆ ತಮ್ಮ ಅಂಗೈ ಇಟ್ಟರು. "ತಮಾ, ಲೇತಲ್ಲಿ ಎಂತ ತಿರಗ್ತದೆ?"

"ಶಾಫ್ಟ್."

"ಇಲ್ಲಿ?"

ಅಷ್ಟೇ ಕೇಳಿ, ನನ್ನ ಉತ್ತರಕ್ಕೂ ಕಾಯದೆ, "ಬಾರೋ ಜಟ್ಟಪ್ಪ, ನಿಂದು ಬರೀ ಗಡಿಬಿಡಿ. ಚಾ ಕುಡ್ಕಂಡು ಬರೂವ" ಎಂದು ಅವನನ್ನು ಹೊರಗೆ ಕರೆದೊಯ್ದರು.

ಲೇತಿನಲ್ಲಿ ಕೆಲಸದ ತುಂಡು ತಿರುಗುತ್ತದೆ, ಲೆಕ್ಕಕ್ಕೆ ಅದರ ವ್ಯಾಸ. ಇಲ್ಲಿ ತಿರುಗುವುದು ಕಟರ್! ಭಾಗಿಸಬೇಕಾದದ್ದು ಅದರ ಅರ್ಧ ಇಂಚಿನಿಂದ, ಸುತ್ತು ನಾನೂರೆಂಬತ್ತು. ಎಚ್ಚರಿಕೆಯೆಂದು ನಾನು ತಿಳಿದ ನಿಧಾನದಲ್ಲಿ, ಫೀಡು ಮಾತ್ರ ಅಷ್ಟೇ ಇದ್ದುದರಿಂದ, ಪ್ರತಿ ಹಲ್ಲಿನ ಬಾಯಿಗೂ ನಾಲ್ಕು ಪಟ್ಟು ಉಕ್ಕು ತುರುಕುತ್ತಿದ್ದೆ. ಆ ಪುಟ್ಟ ಕಟರ್ ಕಡ್ಡಿಯಂತೆ ಮುರಿಯುತ್ತಿತ್ತು. ಎರಡು ಗೆರೆಗಳ ಸಮೇತ ಉತ್ತರವನ್ನು ಅಳಿಸಿ, ಹೊಸದು ಬರೆದು, ಬೆಲ್ಟು ಬದಲಿಸಿದೆ. ಅವರಿಬ್ಬರೂ ಬಂದಾಗ ಪುಸ್ತಕ ಎಂದಿನಂತೆ ಚೊಕ್ಕಟವಾಗಿತ್ತು. ಯಂತ್ರ ಹೊರಟಿತು, ತೆಳ್ಳನೆಯ ಚೂರುಗಳು ಹಾರಿದವು. ಮೇಸ್ತ್ರಿಗಳು ಕಣ್ಣು ಮುಚ್ಚಿ ಸದ್ದು ಕೇಳಿ, "ಸಮ ಆತು" ಎಂದರು. ಜಟ್ಟಪ್ಪನಿಗೆ ಬಸ್ಸು ಸಿಕ್ಕಿತು. ಮರುದಿನ ಮಾವಿನಕುರ್ವೆಯವರಿಗೆ ಲಾಂಚೂ ಸಿಕ್ಕಿತು.

ಒಂದು ಲೋಟ ಚಹಾಕ್ಕೆ ಆ ದಿನ ಅವರು ಅಷ್ಟು ಹೊತ್ತು ತೆಗೆದುಕೊಂಡದ್ದೇಕೆಂದು ತಿಳಿಯಲು, ಓದುಗರೇ, ನಾನೇ ಮೇಸ್ತ್ರಿಯಾಗಿ, ನನ್ನೆದುರು ಇನ್ನೊಬ್ಬ ಲೆಕ್ಕ ತಪ್ಪಬೇಕಾಯಿತು. ಆಗ ನಾನೂ ಚಹಾಕ್ಕೆ ಎದ್ದು ಹೋದೆ.

ಮತ್ತೆ ಅಡುಗೆಮನೆಗೆ ಬಂದರೆ, ನಮ್ಮ ಹಳೆಯ ತುರಿಮಣೆಯಲ್ಲಿ ತಿರುಗುತ್ತಿದ್ದುದು ಕಾಯಿ. ಈ ಯಂತ್ರದಲ್ಲಿ ತಿರುಗುವುದು ಹಲ್ಲು. ಉಳಿದ ಕಡಿಯನ್ನು ಹಗುರಾಗಿ ಹಿಡಿದು, ಹಿಡಿಯನ್ನು ಬೇಗ ಬೇಗ ತಿರುಗಿಸಿದೆ. ಹೂವಿನಂಥ ತುರಿ ಬಿತ್ತು. ಹೆಂಡತಿ ಬಟ್ಟಲನ್ನು ಎಳೆದುಕೊಂಡು, "ಆತು, ಇದು ಪಲ್ಯಕ್ಕೇ" ಎಂದಳು. ಮೇಸ್ತ್ರಿಗಳು ಆ ಸಂಜೆ ಕಟರಿಗೆ ಮಾಡಿದಂತೆಯೇ ನಾನೂ ಯಂತ್ರದ ಹಲ್ಲುಗಳನ್ನು ಒರೆಸಿ, ಒಂದು ಹನಿ ಎಣ್ಣೆ ಸವರಿ, ತಿರುಪು ಬಿಚ್ಚಿ ಯಂತ್ರಕ್ಕೆ ಬಟ್ಟೆ ಸುತ್ತಿ ಕಪಾಟಿನಲ್ಲಿಟ್ಟೆ.