ಗೌಡರ ಸ್ಟೀರಿಯೋ ಮೇಲಿನ ವಿಭೂತಿ

ಗೆಳೆಯರೇ, ಇವತ್ತು ಗೊರೇಬಾಳದ ಗೌಡರು ಸಿಂಧನೂರಿನ ನನ್ನ ರೇಡಿಯೋ ರಿಪೇರಿ ಅಂಗಡಿಯ ಮುಂದೆ ತಮ್ಮ ಜಪಾನಿ ಕಾರು ನಿಲ್ಲಿಸಿದರು.

"ಇದರಾಗ ನಮ್ಮ ಸ್ಟೇಷನ್ ಒಂದೂ ಹಿಡಿಯವಲ್ದು. ಬ್ಯಾರೆ ಸ್ಟೀರಿಯೋ ಹಾಕು."

ಜಪಾನಿನ ಎಫ್ಎಂ ರೇಡಿಯೋ ತೊಂಬತ್ತು ಮೆಗಾಹರ್ಟ್ಸ್‌ಗೇ ನಿಲ್ಲುತ್ತದೆ, ನಮ್ಮ ಸ್ಟೇಷನ್ನು ನೂರರಾಚೆ ಇದೆ. ಹೊಸದು ಹಾಕಬಹುದು. ಆದರೆ ಯಾವ ವೈರು ಯಾವುದಕ್ಕೆ ಎಂದು ತಿಳಿಯಲು ಹಳೆಯದರ ಮಾಡೆಲ್ ನಂಬರ್ ಬೇಕು. ಅದರ ಮೇಲೆ ಐದು ದಸರೆಯ ವಿಭೂತಿ ಕೂತಿತ್ತು. ನಾನು ಒದ್ದೆ ಬಟ್ಟೆ ತಂದೆ. ಗೌಡರು ಕೈ ಹಿಡಿದರು.

"ಪೂಜಿ ಮಾಡಿದ್ದು ಒರಸ್ತಿಯೇನಲೇ?"

"ನಂಬರ್ ನೋಡದ ನಾ ಒಂದು ವೈರೂ ಮುಟ್ಟಂಗಿಲ್ರೀ ಗೌಡ್ರ."

"ಹಂಗಾರ ಲಿಂಗಸುಗೂರಿಗೆ ಒಯ್ತೀನಿ."

"ಒಯ್ರಿ. ಅಲ್ಲೂ ನಂಬರ್ ಕೇಳ್ತಾರ."

ಅರ್ಧ ಗಂಟೆ ಇಬ್ಬರೂ ಬಿಸಿಲಲ್ಲೇ ನಿಂತೆವು. ಕೊನೆಗೆ ನಾನು ಕೈಕಾಲು ತೊಳೆದು ಬಂದು, ಸ್ಟೀರಿಯೋಗೆ ಕೈಮುಗಿದು, ವಿಭೂತಿಯನ್ನು ಬೆರಳಿನಿಂದ ತೆಗೆತೆಗೆದು ನನ್ನ ಹಣೆಗೇ ಹಚ್ಚಿಕೊಂಡೆ. ಗೌಡರೂ ಸ್ಟೀರಿಯೋಗೆ ಕೈಮುಗಿದರು. ನಂಬರ್ ಕಂಡಿತು.

ಸಂಜೆ ಹೊಸ ಕ್ಯಾಸೆಟ್ ಸ್ಟೀರಿಯೋ ಹಾಡಿತು. ಗೌಡರು ಕಿಸೆಯಿಂದ ವಿಭೂತಿ ತೆಗೆದು ಅದಕ್ಕೂ ಮೂರು ಬೆರಳು ಎಳೆದರು, ಸರಿಯಾಗಿ ನಂಬರಿನ ಮೇಲೆ.

ಎಳೆಯಲಿ. ಈ ಸಲ ನಂಬರನ್ನು ನಾನು ಮೊದಲೇ ಅಂಗಡಿಯ ಗೋಡೆಗೆ ಬರೆದಿಟ್ಟಿದ್ದೇನೆ.