ನಿಲ್ಲಿಸಿದವನ ಹೆಸರು

ಇದನ್ನು ಬರೆಯಬೇಕೆಂದು ಎಷ್ಟು ಸಲ ಕೂತು ಎದ್ದಿದ್ದೇನೋ ನನಗೇ ಗೊತ್ತಿಲ್ಲ. ಒಂದು ಸಲ ಪೆನ್ನಿನ ರೀಫಿಲ್ ಮುಗಿದಿತ್ತು. ಇನ್ನೊಂದು ಸಲ ಕನ್ನಡಕ ಒರೆಸುತ್ತಾ ಕೂತೆ. ಒರೆಸಿ ಮುಗಿಯುವಷ್ಟರಲ್ಲಿ ಊಟದ ಹೊತ್ತಾಯಿತು. ಬರೀ ಎಸ್ಸೆಸ್ಸೆಲ್ಸಿ ಓದಿದವನು ಏನು ಮಹಾ ಬರೆಯುತ್ತಾನೆ ಎಂಬ ನೆಪವಂತೂ ಸದಾ ಕೈಗೆಟಕುವ ಹಾಗೆ ಇತ್ತು. ಆದರೆ ನಿನ್ನೆ ಸಂಜೆ ಟೀವಿಯಲ್ಲಿ ಒಂದು ಹಾಕಿ ಪಂದ್ಯ ನೋಡಿದೆ. ಅದನ್ನು ನೋಡಿದ ಮೇಲೆ ಒಂದು ನೆಪವೂ ನನ್ನ ಜೊತೆ ಉಳಿಯಲಿಲ್ಲ. ಹೇಳಿಬಿಡುತ್ತೇನೆ.

ಮೊದಲು ನನ್ನ ಹುಚ್ಚಿನ ವಿಷಯ. ನಾನು ಹಾಕಿ ಲೀಗಿನ ಒಂದು ತಂಡದ ಅಭಿಮಾನಿ. ತಂಡ ದೂರದ ಊರಿನದು, ಆ ಊರನ್ನು ನಾನು ಕಂಡವನಲ್ಲ. ಅಭಿಮಾನವೂ ಇಡೀ ತಂಡದ ಮೇಲಲ್ಲ. ಹೆಸರು ಮಾಡಿದ ಆಟಗಾರರಿಗೆ ಚಪ್ಪಾಳೆ ತಟ್ಟಲು ಬೇಕಾದಷ್ಟು ಜನ ಇದ್ದಾರೆ. ನನ್ನ ಕಣ್ಣೆಲ್ಲ ಬೆಂಚಿನ ತುದಿಯಲ್ಲಿ ಟವೆಲ್ ಹೊದ್ದು ಕೂತ ನಾಲ್ಕೈದು ಎಳೆಯರ ಮೇಲೆ. ಇವತ್ತಲ್ಲದಿದ್ದರೆ ನಾಳೆ ಆಡುವವರು. ಅವರು ಎಲ್ಲೋ ಜೂನಿಯರ್ ಪಂದ್ಯ ಆಡುತ್ತಿದ್ದಾರೆ ಎಂದರೆ ಫೋನಿನಲ್ಲಿ ಹುಡುಕಿ ನೋಡುತ್ತೇನೆ. ಅಲ್ಲಿರುವುದು ಒಂದೇ ಕ್ಯಾಮೆರಾ, ಅದೂ ಕಂಬದ ಹಿಂದೆ. ಅರ್ಧ ಮೈದಾನ ಕಾಣುವುದೇ ಇಲ್ಲ. ಆದರೆ ನಮ್ಮ ಹುಡುಗ ಆ ಕಂಬದ ಮರೆಯಿಂದ ಚೆಂಡಿನ ಸಮೇತ ಹೊರಬಂದನೆಂದರೆ ನಾನು ಕುರ್ಚಿಯಲ್ಲಿ ಇರುವುದಿಲ್ಲ. ಅವರಲ್ಲೊಬ್ಬನಿಗೆ ಮಂಡಿ ನೋವು ಎಂದು ಓದಿದ ದಿನ ನಾನು ನನ್ನ ಮಂಡಿಗೆ ಎಣ್ಣೆ ಹಚ್ಚಿಕೊಂಡು ಕೂತಿದ್ದೆ.

ಬೆಳಿಗ್ಗೆ ಯಡಿಯೂರು ಕೆರೆ ಸುತ್ತುವ ನಮ್ಮ ಗುಂಪಿನಲ್ಲಿ, ಬ್ಯಾಂಕಿನಿಂದ ನಿವೃತ್ತರಾದ ಶ್ರೀಕಂಠಯ್ಯನವರಿಗೆ ನನ್ನ ಈ ಹುಚ್ಚೇ ಕಾಫಿಗೆ ಮುಂಚಿನ ತಿಂಡಿ.

“ಏನ್ರೀ, ಹೇಗಿದ್ದಾರೆ ನಿಮ್ ಮಕ್ಳು? ಯಾರಿಗಾದ್ರೂ ಹಲ್ಲು ಬಂತಾ?”

“ಒಬ್ಬ ಈ ವಾರ ಆಡ್ಬೋದು ಸಾರ್.”

“ಆಡ್ಬೋದು! ಹೋದ್ ವರ್ಷಾನೂ ಇದೇ ಅಂದ್ರಿ. ಸುಮ್ನೆ ಕ್ರಿಕೆಟ್ ನೋಡ್ರೀ. ಅಲ್ಲಿ ಚೆಂಡಾದ್ರೂ ಕಣ್ಣಿಗೆ ಕಾಣತ್ತೆ.”

ಎಲ್ಲರೂ ನಗುತ್ತಾರೆ. ನಾನೂ ನಗುತ್ತೇನೆ. ಮನೆಗೆ ಬಂದು ನೋಟ್‌ಬುಕ್ ತೆಗೆಯುತ್ತೇನೆ. ಅದರಲ್ಲಿ ನಮ್ಮ ಹುಡುಗರ ಹೆಸರು, ಊರು, ವಯಸ್ಸು, ಮೈದಾನದಲ್ಲಿ ಯಾವ ಜಾಗ, ಎಲ್ಲ ಇದೆ. ಗೋಲು ಹೊಡೆದವರ ಪಟ್ಟಿ ಪತ್ರಿಕೆಯವರೇ ಹಾಕುತ್ತಾರೆ. ನನ್ನ ಪುಸ್ತಕದ ಕೊನೆಯ ಹಾಳೆಯಲ್ಲಿ ಬೇರೊಂದು ಪಟ್ಟಿ ಇದೆ. ಅದರ ತಲೆಬರಹ ‘ನಿಲ್ಲಿಸಿದವರು’. ಅದರ ಮೊದಲ ಸಾಲನ್ನು ಖಾಲಿ ಬಿಟ್ಟಿದ್ದೇನೆ. “ಇದ್ಯಾಕ್ರೀ ಬಿಟ್ಬಿಟ್ಟಿದ್ದೀರಿ?” ಎಂದು ನನ್ನ ಹೆಂಡತಿ ಸರೋಜ ಒಮ್ಮೆ ಕೇಳಿದ್ದಳು. “ಮಾರ್ಜಿನ್ನು” ಎಂದಿದ್ದೆ.

ನಿಲ್ಲಿಸುವುದೆಂದರೆ ಏನೆಂದು ಹೇಳಬೇಕು. ಹಾಕಿಯಲ್ಲಿ ಪೆನಾಲ್ಟಿ ಕಾರ್ನರ್ ಎಂಬುದೊಂದಿದೆ. ಒಬ್ಬ ಗೋಲಿನ ಗೆರೆಯಿಂದ ಚೆಂಡನ್ನು ತಳ್ಳುತ್ತಾನೆ. ದೂರದಲ್ಲಿ ಬಗ್ಗಿ ಕಾಯುತ್ತಿರುವ ಇನ್ನೊಬ್ಬ ಅದನ್ನು ನಿಲ್ಲಿಸುತ್ತಾನೆ. ಪಕ್ಕದಲ್ಲಿರುವ ಮೂರನೆಯವನು ಅದನ್ನು ಗೋಲಿಗೆ ಹೊಡೆಯುತ್ತಾನೆ. ಎಲ್ಲ ಸೇರಿ ಎರಡು ಮೂರು ಸೆಕೆಂಡಿನ ಕೆಲಸ. ಗೋಲಾದರೆ ಹೆಸರು ಮೂರನೆಯವನದು. ನಿಲ್ಲಿಸುವವನ ಕೆಲಸ ಮದುವೆಯಲ್ಲಿ ಅಂತರಪಟ ಹಿಡಿದವನ ಕೆಲಸದ ಹಾಗೆ. ಗಟ್ಟಿಯಾಗಿ ಹಿಡಿಯಬೇಕು, ಸರಿಯಾದ ಗಳಿಗೆಯಲ್ಲಿ ಬಿಡಬೇಕು. ಆಮೇಲೆ ಆಲ್ಬಮ್ ತೆರೆದು ನೋಡಿ, ಅಂಚಿನಲ್ಲಿ ಅವನ ಬೆರಳು ಮಾತ್ರ ಇರುತ್ತವೆ.

ಬೆರಳಿನ ವಿಷಯಕ್ಕೇ ಬರಬೇಕಿತ್ತು, ಬಂದೆ.

ಈಗ ಚೆಂಡನ್ನು ಸ್ಟಿಕ್ಕಿನಿಂದ ನಿಲ್ಲಿಸುತ್ತಾರೆ. ನಮ್ಮ ಕಾಲದಲ್ಲಿ ಬರಿಗೈಯಿಂದ ನಿಲ್ಲಿಸಬಹುದಿತ್ತು. ಆಗ ನನಗೂ ನನ್ನ ಜೊತೆ ಆಡುತ್ತಿದ್ದ ಗೆಳೆಯನಿಗೂ ಇಪ್ಪತ್ತರ ಆಸುಪಾಸು. ನಾನು ಜಯನಗರದವನು. ಅವನು ಸಾರಕ್ಕಿಯಿಂದ ಹೊಲದ ಬದು ಹಿಡಿದು ನಡೆದು ಬರುತ್ತಿದ್ದ. ಹೆಸರು ಈಗಲೇ ಬೇಡ. ಬರೆದರೆ ಮತ್ತೆ ಎದ್ದು ಹೋಗುತ್ತೇನೆ. ದೊಡ್ಡ ಕಾರ್ಖಾನೆಯೊಂದರ ಹಾಕಿ ತಂಡಕ್ಕೆ ಆಯ್ಕೆ ನಡೆಯಲಿತ್ತು. ಆಯ್ಕೆಯಾದರೆ ಕೆಲಸವೂ ಖಾಯಂ. ಒಂದು ವರ್ಷ ದಿನಾ ಬೆಳಿಗ್ಗೆ ಅಭ್ಯಾಸ ಮಾಡಿದೆವು. “ಹೊಡ್ಯೋದು ನಿಂದು, ನಿಲ್ಸೋದು ನಂದು. ನೀನು ನನ್ ಕೈ ನೋಡ್ಬೇಡ, ನನ್ ಮಾತು ಕೇಳು” ಎನ್ನುತ್ತಿದ್ದ. ಮಂಡಿಯೂರಿ ಎಡಗೈಯಿಂದ ಚೆಂಡು ನಿಲ್ಲಿಸಿ, ಕೈ ಹಿಂದಕ್ಕೆ ಎಳೆದುಕೊಂಡು, ‘ಹೂಂ’ ಎನ್ನುತ್ತಿದ್ದ. ಆ ‘ಹೂಂ’ ಕೇಳಿದ ಮೇಲೆ ನಾನು ಹೊಡೆಯಬೇಕು. ಇದು ನಮ್ಮ ನಡುವಿನ ಕಟ್ಟುಪಾಡು. ಒಂದು ವರ್ಷದಲ್ಲಿ ಒಂದು ಸಲವೂ ತಪ್ಪಿರಲಿಲ್ಲ.

ಆಯ್ಕೆಯ ದಿನ ನಾನು ‘ಹೂಂ’ಗೆ ಕಾಯಲಿಲ್ಲ.

ಕುರ್ಚಿಗಳಲ್ಲಿ ದೊಡ್ಡವರು ಕೂತಿದ್ದರು, ಎದುರಿನವರು ಓಡಿ ಬರುತ್ತಿದ್ದರು, ಕೈ ತುರಿಸುತ್ತಿತ್ತು. ಹೊಡೆದೆ. ಅವನ ಎರಡು ಬೆರಳು ಸ್ಟಿಕ್ಕಿನ ದಾರಿಯಲ್ಲೇ ಇದ್ದವು. ಚೆಂಡು ಗೋಲಿನೊಳಗೆ ಹೋಯಿತು. ಅವನು ಕೈಯನ್ನು ಹೊಟ್ಟೆಗೆ ಒತ್ತಿಕೊಂಡು ಮಗ್ಗುಲಾದ. ಆಯ್ಕೆಗಾರರಲ್ಲಿ ಒಬ್ಬರು ಎದ್ದು ಬಂದು “ಏನಾಯ್ತಪ್ಪಾ?” ಎಂದರು. ಅಲ್ಲಿ ನನ್ನ ಬಾಯಿಂದ ಬಂದ ಮಾತು ಇದು:

“ಕೈ ತೆಗ್ಯೋದು ಲೇಟ್ ಮಾಡ್ದ ಸಾರ್.”

ಅವನಿಗೆ ಅದು ಕೇಳಿಸಿತು. ನನ್ನ ಮುಖ ನೋಡಿದ. ಆ ಆಯ್ಕೆಗಾರರು ತಮ್ಮ ಹಾಳೆಯಲ್ಲಿ ಅವನ ಹೆಸರಿನ ಮುಂದೆ ‘ನಿಧಾನ’ ಎಂದು ಬರೆದುಕೊಂಡರು. ನನ್ನ ಹೆಸರಿನ ಮುಂದೆ ಗುರುತು ಬಿತ್ತು. ಆ ಗುರುತಿನಿಂದ ನನಗೆ ಕೆಲಸ ಬಂತು, ಮದುವೆಯಾಯಿತು, ಮನೆಯಾಯಿತು. ಅವನು ಮತ್ತೆ ಸ್ಟಿಕ್ ಹಿಡಿಯಲಿಲ್ಲ.

ಕ್ಷಮೆ ಕೇಳಬೇಕೆಂದು ಅವತ್ತೇ ಅಂದುಕೊಂಡೆ. ಕೈಯ ಕಟ್ಟು ಬಿಚ್ಚಲಿ ಎಂದು ಕಾದೆ. ಆಮೇಲೆ ಅವನು ಅಪ್ಪನ ಹೊಲದಲ್ಲಿ ದುಡಿಯುತ್ತಿದ್ದಾನೆಂದು ಕೇಳಿದೆ. ಖಾಯಂ ಕೆಲಸದವನು ಹೋಗಿ ನಿಂತರೆ ಅವನಿಗೆ ಸಂಕಟವಾದೀತು ಎಂದುಕೊಂಡೆ. ಮುಂದೆ ಹೊಲವೆಲ್ಲ ಬಡಾವಣೆಯಾಯಿತು. ಅವನು ಸಾರಕ್ಕಿ ಮಾರ್ಕೆಟ್ ರಸ್ತೆಯಲ್ಲೇ ಮೂರಂತಸ್ತು ಕಟ್ಟಿಸಿ ಕೆಳಗೆ ಹಾರ್ಡ್‌ವೇರ್ ಅಂಗಡಿ ಇಟ್ಟ. ಈಗ ಹೋದರೆ ಏನೋ ಕೇಳಲು ಬಂದಿದ್ದಾನೆ ಅಂದುಕೊಂಡಾನು ಎಂದು ಸುಮ್ಮನಾದೆ. ಬಡವನಾಗಿದ್ದಾಗಲೂ ಹೋಗಲಿಲ್ಲ, ಶ್ರೀಮಂತನಾದಾಗಲೂ ಹೋಗಲಿಲ್ಲ. ನನ್ನ ಅನುಕೂಲಕ್ಕಾಗಿ ಅವನ ಹತ್ತಿರ ಎಷ್ಟು ದುಡ್ಡಿರಬೇಕಿತ್ತು ಎಂದು ನಾನೇ ಹೇಳಲಾರೆ.

ನಡುವೆ ಒಂದೇ ಸಲ, ಬನಶಂಕರಿ ಬಸ್ಸಿನಲ್ಲಿ ಸಿಕ್ಕಿದ್ದ. ಎಡಗೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತಿದ್ದ. ಮೂರು ಬೆರಳು ಕಂಬಿಯನ್ನು ಸುತ್ತಿದ್ದವು, ಎರಡು ನೆಟ್ಟಗೆ ನಿಂತಿದ್ದವು. ನಾನು ಬಾಗಿಲ ಕಡೆ ನುಗ್ಗುತ್ತಿದ್ದಾಗ ಹಿಂದಿನಿಂದ ಅವನ ದನಿ ಕೇಳಿಸಿತು: “ಏನ್ ಗುರು, ಇನ್ನೂ ಅದೇ ಆತುರಾನಾ?” ನಗುತ್ತಲೇ ಹೇಳಿದ. ನಾನು ಇಳಿದುಬಿಟ್ಟೆ. ಅದು ನಾನು ಇಳಿಯುವ ಸ್ಟಾಪ್ ಆಗಿರಲಿಲ್ಲ. ಎರಡು ಸ್ಟಾಪ್ ಬಿಸಿಲಲ್ಲಿ ನಡೆದೆ.

ಈಗ ನಿನ್ನೆಯ ಪಂದ್ಯ. ನಮ್ಮ ತಂಡದ ಎಳೆಯರಲ್ಲಿ ಬಿನಯ್ ಎಂಬ ಒಡಿಶಾದ ಹುಡುಗನಿದ್ದಾನೆ. ಇಪ್ಪತ್ತು ತುಂಬಿಲ್ಲ. ಅವನ ಕೆಲಸವೇ ಪೆನಾಲ್ಟಿ ಕಾರ್ನರಿನಲ್ಲಿ ಚೆಂಡು ನಿಲ್ಲಿಸುವುದು. ಎರಡು ವರ್ಷದಿಂದ ಅವನನ್ನು ಆ ಕಂಬದ ಹಿಂದಿನ ಕ್ಯಾಮೆರಾದಲ್ಲಿ ನೋಡುತ್ತಾ ಬಂದಿದ್ದೇನೆ. ನಿನ್ನೆ ಅವನನ್ನು ಮೊದಲ ಸಲ ದೊಡ್ಡ ತಂಡದಲ್ಲಿ ಇಳಿಸಿದರು! ಪರದೆಯ ಮೇಲೆ ಅವನ ಹೆಸರು ಬಂದಾಗ ನಾನು ಕೂಗಿದ ಕೂಗಿಗೆ ಸರೋಜ ಸೌಟು ಹಿಡಿದೇ ಓಡಿ ಬಂದಳು.

“ಏನಾಯ್ತ್ರೀ? ಎದೆ ನೋವಾ?”

“ಬಿನಯ್ ಆಡ್ತಿದ್ದಾನೆ ಕಣೇ!”

“ಥೂ ನಿಮ್ಮ” ಎಂದಳು. ಆದರೆ ಅಲ್ಲೇ ನಿಂತಳು.

ಮೊದಲ ಪೆನಾಲ್ಟಿ ಕಾರ್ನರ್. ಚೆಂಡು ಬಿನಯ್‌ನ ಸ್ಟಿಕ್ಕಿನ ಮೇಲೆ ಪುಟಿದು ಆಚೆ ಹೋಯಿತು. ವೀಕ್ಷಕ ವಿವರಣೆಯವರು ಇಡೀ ಪಂದ್ಯದಲ್ಲಿ ಮೊದಲ ಸಲ ಅವನ ಹೆಸರು ಹೇಳಿದರು, ತಪ್ಪು ತೋರಿಸುವುದಕ್ಕೆ. ನನಗೆ ಮೈ ಉರಿಯಿತು. ಆಟ ಎರಡು ಎರಡು ಸಮ. ಕೊನೆಯ ಎರಡು ನಿಮಿಷದಲ್ಲಿ ಮತ್ತೊಂದು ಪೆನಾಲ್ಟಿ ಕಾರ್ನರ್. ನಾನು ಟೀವಿಯ ಮುಂದೆ ಬಗ್ಗಿ ನಿಂತಿದ್ದೆ, ಎಡಗೈ ಮುಂದೆ ಚಾಚಿಕೊಂಡು. ಈ ವಯಸ್ಸಿನಲ್ಲಿ ಬಗ್ಗಿದವನು ಮತ್ತೆ ಏಳುತ್ತಾನೋ ಇಲ್ಲವೋ ಎಂಬ ಯೋಚನೆಯೂ ಬರಲಿಲ್ಲ. ಚೆಂಡು ಬಂತು. ನಿಲ್ಲಿಸಿದ! ನೆಲಕ್ಕೆ ಅಂಟಿಸಿದ ಹಾಗೆ ನಿಂತಿತು! ಜಗದೀಪ್ ಎಂಬ ಪಂಜಾಬಿನ ಹುಡುಗ ಅದನ್ನು ಎಳೆದು ಎಸೆದ ರಭಸಕ್ಕೆ ಗೋಲಿನ ಬಲೆ ಹಿಂದಕ್ಕೆ ಹಾರಿತು.

ಗೋಲು ಹೊಡೆದವನ ಮೇಲೆ ಇಡೀ ತಂಡ ಬಿತ್ತು. ಜಗದೀಪ್ ಆ ಗುಂಪನ್ನು ಎರಡೂ ಕೈಯಿಂದ ಬಿಡಿಸಿಕೊಂಡು ಹೊರಗೆ ಬಂದ. ಹಿಂದೆ ಒಬ್ಬನೇ ನಿಂತಿದ್ದ ಬಿನಯ್ ಹತ್ತಿರ ಓಡಿದ. ಅವನ ಎಡಗೈ ಹಿಡಿದು ಮೇಲಕ್ಕೆತ್ತಿ ಜನರಿಗೆ ತೋರಿಸಿದ.

“ಅಲ್ರೀ, ಗೋಲ್ ಹೊಡ್ದೋನು ಇವ್ನು. ಆ ಹುಡುಗನ ಕೈ ಯಾಕೆ ಎತ್ತಿಸ್ತಾನೆ?” ಎಂದಳು ಸರೋಜ.

ಉತ್ತರ ಹೇಳಲು ಬಾಯಿ ತೆರೆದೆ. ಅಳು ಬಂತು. ಅವಳು ಗಾಬರಿಯಾಗಿ ಟೀವಿ ಆರಿಸಿದಳು. ಐವತ್ತು ವರ್ಷಕ್ಕೆ ಹತ್ತಿರದ ಕಥೆಯನ್ನು ಅವಳ ಮುಂದೆ ಮೊದಲ ಸಲ ಹೇಳಿದೆ. ಸಾರು ಒಲೆಯ ಮೇಲೆ ಉಕ್ಕಿದ್ದೂ ಇಬ್ಬರಿಗೂ ತಿಳಿಯಲಿಲ್ಲ. ಎಲ್ಲ ಕೇಳಿ ಅವಳು ಕೈಯಲ್ಲಿದ್ದ ಸೌಟನ್ನು ಟೀವಿಯ ಪಕ್ಕ ಇಟ್ಟಳು.

“ಅದಕ್ಕಾ?” ಎಂದಳು. “ಅದಕ್ಕಾ ಮದ್ವೆ ಆದಾಗಿಂದ ಒಂದ್ ಸಲಾನೂ ಸಾರಕ್ಕಿ ಮಾರ್ಕೆಟ್‌ಗೆ ಕರ್ಕೊಂಡು ಹೋಗಿಲ್ಲ? ಅಲ್ಲಿ ಸೊಪ್ಪು ಎಷ್ಟು ಚೆನ್ನಾಗಿರತ್ತೆ ಅಂತ ಎಲ್ರೂ ಹೇಳ್ತಾರೆ. ಬಾಡಿದ್ದೇ ತಿನ್ನಿಸಿದ್ರಲ್ರೀ!”

“ಈಗ ಏನ್ ಮಾಡ್ಲೇ?”

“ಇನ್ನೇನ್ ಮಾಡ್ತೀರಿ? ನಾಳೆ ಅಮಾವಾಸ್ಯೆ. ನಾಡಿದ್ದು ಬೆಳಿಗ್ಗೆ ಹೋಗೋಣ. ಮೊದ್ಲು ಅವ್ರ ಅಂಗ್ಡಿ, ಆಮೇಲೆ ಸೊಪ್ಪು.”

“ಏನಂತ ಹೇಳ್ಲಿ?”

“ನಂಗೆ ಹೇಳಿದ್ದನ್ನೇ ಹೇಳಿ. ಸ್ವಲ್ಪ ಚಿಕ್ಕದಾಗಿ ಹೇಳಿ.”

ಅಮಾವಾಸ್ಯೆ ಒಂದು ದಿನದ ಬಿಡುವು ಕೊಟ್ಟಿತೆಂದು ಒಳಗೊಳಗೇ ಹಿಗ್ಗಿದ್ದು ನಿಜ. ಆ ಹಿಗ್ಗು ಇನ್ನೊಂದು ನೆಪವಾಗಿ ಬೆಳೆಯದಿರಲಿ ಎಂದೇ ಇವತ್ತು ಕೂತು ಇದನ್ನು ಬರೆದೆ. ಸರೋಜ ಆಗಲೇ ಬಟ್ಟೆಯ ಚೀಲ ಒಗೆದು ಒಣಗಲು ಹಾಕಿದ್ದಾಳೆ.

ಅವತ್ತು ನಾನು ಅರ್ಧ ಸೆಕೆಂಡು ಮುಂಚೆ ಹೊಡೆದೆ. ಅದನ್ನು ಒಪ್ಪಿಕೊಳ್ಳುವುದಕ್ಕೆ ಇಷ್ಟು ವರ್ಷ ತಡ ಮಾಡಿದೆ. ಆಯ್ಕೆಗಾರರ ಹಾಳೆಯಲ್ಲಿ ‘ನಿಧಾನ’ ಎಂದು ಬರೆಯಬೇಕಾಗಿದ್ದದ್ದು ಯಾರ ಹೆಸರಿನ ಮುಂದೆ ಎಂದು ಈಗ ಅನುಮಾನವಿಲ್ಲ. ನಾಳೆ ಅವನ ಅಂಗಡಿಯ ಮುಂದೆ ನಿಂತು ಹೇಳಬೇಕಾದ್ದನ್ನು ಹೇಳಿ ಸುಮ್ಮನಾಗುತ್ತೇನೆ. ಅವನು ಬೈಯಬಹುದು, ನಗಬಹುದು, ಎದ್ದು ಒಳಗೆ ಹೋಗಲೂಬಹುದು. ನಾನಂತೂ ಈ ಸಲ ಅವನು ‘ಹೂಂ’ ಎನ್ನುವವರೆಗೆ ಕಾಯುತ್ತೇನೆ.

ನೋಟ್‌ಬುಕ್ ಈಗ ಪಕ್ಕದಲ್ಲೇ ತೆರೆದಿದೆ, ಕೊನೆಯ ಹಾಳೆ, ‘ನಿಲ್ಲಿಸಿದವರು’. ಎರಡನೆಯ ಸಾಲಿನಿಂದ ಕೆಳಗೆಲ್ಲ ತುಂಬಿದೆ. ನಿನ್ನೆಯ ಬಿನಯ್ ಎಲ್ಲರಿಗಿಂತ ಕೆಳಗಿದ್ದಾನೆ. ಪೆನ್ನಿಗೆ ಹೊಸ ರೀಫಿಲ್ ಹಾಕಿದ್ದೇನೆ. ಮೊದಲ ಸಾಲಿನಲ್ಲಿ ಬರೆಯುತ್ತಿದ್ದೇನೆ:

ಮುನಿರಾಜು, ಸಾರಕ್ಕಿ.