ರಾಣಿಯ ಹಣೆಯ ಬೊಟ್ಟು

ತೊಂಬತ್ತರ ದಶಕದ ಕೊನೆಯ ಒಂದು ನವರಾತ್ರಿಯನ್ನು ನಾನು ಭಯದಲ್ಲೇ ಕಳೆದೆ. ಕಾರಣ, ಕೆನಡಾದ ಸ್ಕಾರ್‌ಬರೋದ ನಮ್ಮ ಟೌನ್‌ಹೌಸಿನಲ್ಲಿ ಗೊಂಬೆ ಮೆಟ್ಟಿಲ ಮೇಲೆ ಕೂತಿದ್ದ ಒಬ್ಬ ಜಪಾನಿ ರಾಣಿ.

ರಾಣಿ ನಮ್ಮವಳಲ್ಲ. ಆ ವರ್ಷ ಮೈಸೂರಿನಿಂದ ಬಂದ ಅಮ್ಮ ಪಟ್ಟದ ಗೊಂಬೆಗಳನ್ನು ಹಳೆ ಸೀರೆಯಲ್ಲಿ ಸುತ್ತಿ ತಂದಿದ್ದಳು. ಸೂಟ್‌ಕೇಸು ಬಿಚ್ಚಿದರೆ ಮರದ ರಾಜನ ಕತ್ತು ಮುರಿದಿತ್ತು. ರಾಜನಿಲ್ಲದೆ ರಾಣಿಯನ್ನು ಕೂರಿಸುವಂತಿಲ್ಲ, ಪಟ್ಟದ ಗೊಂಬೆಯಿಲ್ಲದೆ ಹಬ್ಬವೇ ಇಲ್ಲ. ಅಮ್ಮ ಅಪಶಕುನವೆಂದು ಮುಖ ಊದಿಸಿಕೊಂಡು ಕೂತಳು.

ಅದೇ ಹೊತ್ತಿಗೆ ಹಿತ್ತಲಿನ ಟೊಮ್ಯಾಟೊ ಕೊಡಲು ಪಕ್ಕದ ಮನೆಯವರು ಬಂದರು. ಅರವತ್ತು ದಾಟಿದ, ಒಂಟಿಯಾಗಿದ್ದ ಜಪಾನಿ ಮೂಲದ ಹೆಂಗಸು. ರಟ್ಟಿನ ಡಬ್ಬಗಳ ಮೇಲೆ ಹಲಗೆಯಿಟ್ಟು ಪಂಚೆ ಹೊದಿಸಿದ್ದ ನಮ್ಮ ಮೆಟ್ಟಿಲುಗಳನ್ನು ನೋಡಿ ಅವರ ಮುಖ ಅರಳಿತು. ಅವರಲ್ಲೂ ಮಾರ್ಚಿನಲ್ಲಿ ಹೆಣ್ಣುಮಕ್ಕಳಿಗಾಗಿ ಹೀಗೇ ಮೆಟ್ಟಿಲು ಕಟ್ಟಿ, ಮೇಲ್ಗಡೆ ರಾಜ ರಾಣಿಯನ್ನು ಕೂರಿಸುತ್ತಾರಂತೆ. ಹೋದವರು ಮರದ ಪೆಟ್ಟಿಗೆ ಹಿಡಿದು ವಾಪಸು ಬಂದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿನ ಪಶ್ಚಿಮ ಕರಾವಳಿಯ ಜಪಾನೀಯರನ್ನು ಸರ್ಕಾರ ಮನೆ ಬಿಡಿಸಿ ಶಿಬಿರಕ್ಕೆ ಅಟ್ಟಿದಾಗ, ಕೈಯಲ್ಲಿ ಹಿಡಿಯುವಷ್ಟು ಮಾತ್ರ ಒಯ್ಯಬಹುದಿತ್ತು. ಅವರಮ್ಮ ಇಡೀ ಗೊಂಬೆ ದರ್ಬಾರನ್ನು ಬಿಟ್ಟು ಪೆಟ್ಟಿಗೆಯಲ್ಲಿದ್ದ ಈ ರಾಜ ರಾಣಿಯನ್ನಷ್ಟೇ ಎತ್ತಿಕೊಂಡು ರೈಲು ಹತ್ತಿದ್ದರು.

"ಹಬ್ಬ ಮುಗಿಯುವವರೆಗೆ ಇವರನ್ನು ಕೂರಿಸಿ. ಮುಖ ಮಾತ್ರ ಮುಟ್ಟಬೇಡಿ," ಎಂದರು ಇಂಗ್ಲಿಷಿನಲ್ಲಿ. "ಚಿಪ್ಪಿನ ಪುಡಿಯ ಬಿಳುಪು ಅದು. ಒದ್ದೆ ತಾಕಿದರೆ ಕೆಡುತ್ತದೆ."

ಬೇಡ ಎನ್ನಬೇಕೆನ್ನಿಸಿತು. ಕಂಡವರ ಮನೆಯ ನಿಧಿ ನಮಗೇಕೆ ಬೇಕಿತ್ತು? ಆದರೆ ಅಷ್ಟರಲ್ಲಿ ಅಮ್ಮ ಎರಡೂ ಕೈ ಚಾಚಿ ಪೆಟ್ಟಿಗೆ ಇಸಿದುಕೊಂಡಾಗಿತ್ತು. ಮುಖ ಮುಟ್ಟಬಾರದೆಂದು ಅವಳಿಗೆ ಕನ್ನಡದಲ್ಲಿ ಒತ್ತಿ ಹೇಳಿದೆ.

ಶುಕ್ರವಾರ ಆಫೀಸಿನಿಂದ ಬಂದು ಕೋಟು ಬಿಚ್ಚುತ್ತಿದ್ದ ಹಾಗೇ ಮೆಟ್ಟಿಲ ಕಡೆ ನೋಡಿದೆ. ರಾಣಿಯ ಬೆಳ್ಳನೆಯ ಹಣೆಯಲ್ಲಿ ಕಾಸಗಲದ ಕುಂಕುಮ.

"ಅಮ್ಮಾ! ಮುಟ್ಬೇಡ ಅಂತ ಹೇಳಿರ್ಲಿಲ್ವಾ?"

"ಮಡೀಲೇ ಇದ್ದೆ ಕಣೇ. ಕೈ ತೊಳ್ಕೊಂಡೇ ಮುಟ್ಟಿದ್ದು," ಎಂದಳು ಅಮ್ಮ ನಿರಾಳವಾಗಿ. "ಗಂಡನ ಪಕ್ಕ ಕೂತಿರೋ ಮುತ್ತೈದೆ. ಶುಕ್ರವಾರ ಬೋಳು ಹಣೇಲಿ ಕೂರಿಸಿ ಆರತಿ ಎತ್ತಕ್ಕಾಗುತ್ತಾ?"

ಮುಟ್ಟಬೇಡ ಎಂದರೆ ಮೈಲಿಗೆ ಕೈಯಲ್ಲಿ ಮುಟ್ಟಬೇಡ ಎಂದು ಅವಳು ತಿಳಿದಿದ್ದಳು. ಬೊಟ್ಟು ನಿಲ್ಲಲೆಂದು ಬೆರಳನ್ನು ಒದ್ದೆ ಬೇರೆ ಮಾಡಿಕೊಂಡಿದ್ದಳು.

ಎಲ್ಲದಕ್ಕೂ ಫಿಕ್ಸ್ ಇದೆಯೆಂದು ನಂಬಿರುವ ನನ್ನ ಇಂಜಿನಿಯರ್ ಗಂಡ, "ಕ್ಯೂ-ಟಿಪ್ ತಗೊಂಡು ಲೈಟಾಗಿ ಒರೆಸು, ಹೋಗುತ್ತೆ," ಎಂದ. ಹತ್ತಿ ಸುತ್ತಿದ ಆ ಕಡ್ಡಿಯನ್ನು ಹಣೆಯ ಹತ್ತಿರ ತಂದೆ. ಕೆಂಪು ಆಗಲೇ ಒಳಗಿಳಿದಿತ್ತು. ಒರೆಸಲು ಹೋದರೆ ಬಾಣಲೆಯಿಂದ ಬೆಂಕಿಗೆ ಬಿದ್ದ ಹಾಗೆ. ಕೈ ಹಿಂದೆಗೆದೆ.

ಕೂಡಲೇ ಪಕ್ಕದ ಮನೆಯ ಬೆಲ್ಲು ಒತ್ತಿದೆ. ಬಾಗಿಲು ತೆರೆಯಲಿಲ್ಲ. ತಂಗಿಯ ಮನೆಗೆ ಹೋದವರು ವಿಜಯದಶಮಿಗೆ ನಮ್ಮಲ್ಲಿ ಊಟಕ್ಕೆ ಬರುವುದಾಗಿ ಹೇಳಿದ್ದು ಆಗ ನೆನಪಾಯಿತು. ಅಲ್ಲಿಯವರೆಗೆ ಹೊರಗೆ ಕಾರಿನ ಸದ್ದಾದರೆ ಸಾಕು, ಕಿಟಕಿಗೆ ಓಡುತ್ತಿದ್ದೆ. "ಒಂದು ಬೊಟ್ಟಿಗೆ ಇಷ್ಟು ರಂಪವಾ?" ಎನ್ನುತ್ತಿದ್ದ ಅಮ್ಮನಿಗೆ ಆ ಶಿಬಿರದ, ರೈಲಿನ ಕತೆ ಪೂರ್ತಿ ಹೇಳಿದೆ. ಆಮೇಲೆ ಅವಳೂ ಕಿಟಕಿಯ ಹತ್ತಿರ ಬಂದು ನಿಲ್ಲತೊಡಗಿದಳು.

ವಿಜಯದಶಮಿಯಂದು ಅವರು ಚಪ್ಪಲಿ ಬಿಡುವ ಮೊದಲೇ, ಹೊಸ್ತಿಲಲ್ಲೇ ಎಲ್ಲ ಹೇಳಿಬಿಟ್ಟೆ. ಅವರು ಕನ್ನಡಕ ಹಾಕಿಕೊಂಡು ರಾಣಿಯನ್ನು ಬಹಳ ಹೊತ್ತು ನೋಡಿದರು. "ಓ," ಎಂದರು, ಅಷ್ಟೇ. ಅಮ್ಮ ಕೈಮುಗಿದು ನಿಂತಿದ್ದಳು. ಅವರು ಚಿತ್ರಾನ್ನ ತಿಂದು, ಥ್ಯಾಂಕ್ಸ್ ಹೇಳಿ, ಪೆಟ್ಟಿಗೆ ಎತ್ತಿಕೊಂಡು ಹೋದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಚಳಿಗಾಲವೆಲ್ಲ ಹಿಮ ಎತ್ತಿಹಾಕುವಾಗ ಎದುರಾದರೆ ಹಲೋ, ಹವಾಮಾನ, ಮತ್ತೆ ಹಲೋ. ಗೊಂಬೆಯ ಸುದ್ದಿ ಅವರು ಎತ್ತಲಿಲ್ಲ, ನನಗೆ ಎತ್ತುವ ಧೈರ್ಯವಿಲ್ಲ. ಊರಿಗೆ ಮರಳಿದ ಅಮ್ಮ ಪ್ರತಿ ಫೋನಿನಲ್ಲೂ ಮೊದಲು ಕೇಳುತ್ತಿದ್ದುದು, "ಆ ರಾಣಿ ಏನಾದ್ಲೇ?"

ಮಾರ್ಚಿನಲ್ಲಿ, ಅವರ ಗೊಂಬೆ ಹಬ್ಬದ ದಿನ, ಅವರೇ ಕರೆದರು. ಕಾಲೆಳೆದುಕೊಂಡು ಹೋದೆ. ಕೆಂಪು ಬಟ್ಟೆಯ ಮೆಟ್ಟಿಲ ತುದಿಯಲ್ಲಿ ರಾಜನ ಪಕ್ಕ ಅದೇ ರಾಣಿ, ಹಣೆಯಲ್ಲಿ ಅದೇ ಬೊಟ್ಟು, ಅಂಚು ಸ್ವಲ್ಪ ಹರಡಿತ್ತು.

"ರಿಪೇರಿಯವರಿಗೆ ತೋರಿಸಿದೆ," ಎಂದರು ಟೀ ಬಗ್ಗಿಸುತ್ತ. "ಪೂರ್ತಿ ಕೆರೆದು ಹೊಸದಾಗಿ ಬಳಿಯಬೇಕಂತೆ. ಹೊಸ ಮುಖ ಬರುತ್ತದೆ. ನನಗೆ ಅಮ್ಮ ತಂದ ಮುಖ ಬೇಕು."

ಪರವಾಗಿಲ್ಲ ಎಂದು ಅವರು ಹೇಳಲಿಲ್ಲ.

ಹಬ್ಬ ಮುಗಿದ ಮೇಲೂ ಗೊಂಬೆ ಹೊರಗಿದ್ದರೆ ಮನೆಯ ಹುಡುಗಿಯರ ಮದುವೆ ತಡವಾಗುತ್ತದೆಂದು ಅವರಲ್ಲಿ ನಂಬಿಕೆ. ಮನೆಯಲ್ಲಿ ಹುಡುಗಿಯರಿಲ್ಲದಿದ್ದರೂ ಆ ಪದ್ಧತಿಯಂತೆ ಸಂಜೆಯೇ ಪೆಟ್ಟಿಗೆ ತಂದಿಟ್ಟರು. ಮುಖಕ್ಕೆ ಸುತ್ತುವ ಮೆತ್ತನೆಯ ಕಾಗದದ ಒಂದು ಹಾಳೆಯನ್ನು ನನ್ನ ಮುಂದೆ ಹಿಡಿದರು.

"ರಾಜನನ್ನು ನಾನು ಸುತ್ತುತ್ತೇನೆ. ರಾಣಿಯನ್ನು ನೀವು ಸುತ್ತಿ."

"ಕೈ ತೊಳೆದುಕೊಂಡು ಬರಲಾ?" ಎಂದೆ.

"ಬೇಡ. ಒದ್ದೆ ಕೈ ಬೇಡ."

ಬೆವೆತ ಅಂಗೈಯನ್ನು ಸ್ವೆಟರಿಗೆ ಮತ್ತೆ ಮತ್ತೆ ಒರೆಸಿಕೊಂಡೆ. ಕಾಗದವನ್ನು ಆ ಬೊಟ್ಟಿನ ಮೇಲೆ ಇಳಿಸಿದೆ. ತಪ್ಪಿದರೆ ತಡೆಯಲಿ ಎಂದು ಅವರ ಕಡೆ ನೋಡಿದೆ. ಅವರು ನನಗೆ ಬೆನ್ನು ಹಾಕಿ ರಾಜನ ಟೋಪಿ ಬಿಚ್ಚುತ್ತಿದ್ದರು.